ಬೆರಳು ಎಲ್ಲಿತ್ತು, ಸಂಗಣ್ಣ?

ಸಿಂದಗಿ
೨೨ ಜೂನ್ ೨೦೨೪

ಗೆಳೆಯ ಸಂಗಣ್ಣನಿಗೆ ಜೈನುದ್ದೀನನ ಸಲಾಮು.

ನಿನ್ನ ರೈಫಲ್ಲು ತಯಾರಾಗಿದೆ, ಬಂದು ಒಯ್ಯಿ. ಬರುವಾಗ ಲೈಸೆನ್ಸ್ ಪುಸ್ತಕ ತಾ. ಕಳೆದ ಸಲ ಅದನ್ನು ಮನೆಯಲ್ಲೇ ಬಿಟ್ಟು ಬಂದು, "ನನ್ನ ಮಾರಿ ನೋಡಿ ಕೊಡಪಾ" ಎಂದು ಅಂಗಡಿಯ ಬಾಗಿಲಲ್ಲಿ ಜಗಳಕ್ಕೆ ನಿಂತಿದ್ದೆ. ನಿನ್ನ ಮಾರಿ ನೋಡಿ ಸಿಂದಗಿಯಲ್ಲಿ ಯಾರೂ ಉಗುರು ತೆಗೆಯುವ ಕತ್ತರಿಯನ್ನೂ ಕೊಡುವುದಿಲ್ಲ.

ಇಷ್ಟನ್ನು ಫೋನಿನಲ್ಲೇ ಹೇಳಬಹುದಲ್ಲ ಎಂದು ನನ್ನ ಮಗ ಜಹೀರ ನಗುತ್ತಾನೆ. ಆದರೆ ರಿಪೇರಿಯಾದ ಪ್ರತಿ ಬಂದೂಕಿಗೂ ಒಂದು ಪತ್ರ ಬರೆಯುವುದು ನಮ್ಮಪ್ಪ ಹಾಕಿಕೊಟ್ಟ ಪದ್ಧತಿ. ಏನು ನೋಡಿದೆ, ಏನು ಮುಟ್ಟಿದೆ, ಏನು ಮುಟ್ಟಲಿಲ್ಲ ಎಂಬುದು ಕೈಬರಹದಲ್ಲಿ ಮಾಲೀಕನಿಗೆ ಹೋಗಬೇಕು. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಬಾಯಿಮಾತು ನಿಲ್ಲುವುದಿಲ್ಲ.

ಚುನಾವಣೆ ಮುಗಿಯುವವರೆಗೆ ಮೂರು ತಿಂಗಳು ರೈಫಲ್ಲು ಠಾಣೆಯಲ್ಲಿ ಜಮಾ ಇದ್ದದ್ದರಿಂದ ಒಳಗಿನ ಗ್ರೀಸು ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು. ಎಲ್ಲ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಎಣ್ಣೆ ಹಚ್ಚಿದ್ದೇನೆ. ನಿನ್ನೆ ಹಾಳು ಕ್ವಾರಿಗೆ ಒಯ್ದು, ಮರಳಿನ ಚೀಲದ ಮೇಲಿಟ್ಟು ನೂರು ಗಜದಿಂದ ಐದು ಗುಂಡು ಹೊಡೆದೆ. ಗುರಿಗೆ ಹಳೆಯ ಮದುವೆ ಕಾರ್ಡಿನ ಹಿಂಬದಿ. ಮೊದಲ ಗುಂಡು ಎಲ್ಲಿಗೋ ಹೋಯಿತು. ಎಣ್ಣೆ ಸವರಿದ ನಳಿಗೆಯ ಮೊದಲ ಗುಂಡನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಳಿದ ನಾಲ್ಕು ಒಂದು ಅಂಗೈಯೊಳಗೆ ಬಿದ್ದವು, ಆದರೆ ಎಲ್ಲವೂ ಎರಡು ಬೆರಳು ಎಡಕ್ಕೆ. ಮುಂದಿನ ಗುರಿಕಡ್ಡಿಯನ್ನು ಕೂದಲೆಳೆಯಷ್ಟು ತಟ್ಟಿ ಸರಿಮಾಡಿದೆ. ಈಗ ನೀನು ಹಂದಿಗೆ ಹೊಡೆದು ಎಮ್ಮೆಗೆ ತಾಗಿದರೆ ತಪ್ಪು ರೈಫಲ್ಲಿನದಲ್ಲ.

ಇನ್ನು ಟ್ರಿಗರು. ಬೋಲ್ಟನ್ನು ಮುಂದೆ ನೂಕಿ ಕೆಳಗೆ ಮಡಚಿದಾಗ ಒಳಗಿನ ಪಿನ್ನನ್ನು ಹಿಂದೆ ತಡೆದು ನಿಲ್ಲಿಸುವುದು ಒಂದು ಸಣ್ಣ ಉಕ್ಕಿನ ಹಲ್ಲು. ಟ್ರಿಗರ್ ಎಳೆದರೆ ಹಲ್ಲು ಸರಿದು ಪಿನ್ನು ಗುಂಡಿಗೆ ಬಡಿಯುತ್ತದೆ. ನಿನ್ನದರ ಹಲ್ಲು ದಪ್ಪ, ಅದಕ್ಕೇ ಅಷ್ಟು ಬಿರುಸು. ಕಬ್ಬಿನ ಗಾಣಕ್ಕೆ ಸಿಕ್ಕು ಮಡಚದಂತಾದ ನಿನ್ನ ತೋರುಬೆರಳಿಗೆ ಅದು ಆಗುವುದಿಲ್ಲ ಎಂದು ಮೂರು ವರ್ಷದಿಂದ ನನ್ನ ತಲೆ ತಿಂದೆ. ಸರಿ, ಅರದಿಂದ ಉಜ್ಜಿ ಹಗುರ ಮಾಡಿದ್ದೇನೆ. ಟ್ರಿಗರಿಗೆ ಚೀಲ ತೂಗುಹಾಕಿ ಜೋಳ ಸುರಿಯುತ್ತ ಹೋದೆ. ಮೊದಲು ಮೂರು ಕಿಲೋ ಜೋಳಕ್ಕೆ ಬೀಳುತ್ತಿದ್ದ ಪಿನ್ನು ಈಗ ಒಂದೂವರೆ ಕಿಲೋಕ್ಕೆ ಬೀಳುತ್ತದೆ. ಆಮೇಲೆ ನಲವತ್ತು ಸಲ ಬೋಲ್ಟ್ ಹಾಕಿ ತೆಗೆದು ನೋಡಿದೆ. ಟ್ರಿಗರ್ ಮುಟ್ಟದೆ ಪಿನ್ನು ಒಮ್ಮೆಯೂ ಬೀಳಲಿಲ್ಲ. ಬೆರಳು ಒಳಗೆ ಹೋಗದೆ ಇದು ಹಾರುವುದಿಲ್ಲ, ಅದಕ್ಕೆ ನಾನು ಹೊಣೆ.

ಮಳೆ ನಿಂತ ಮೇಲೆ ಜಹೀರ ನಿನ್ನ ಹೊಲಕ್ಕೆ ಹನಿ ನೀರಾವರಿಯ ಪೈಪು ಹಾಕಲು ಬರುತ್ತಾನಂತೆ. ರುಕ್ಮವ್ವ ವೈನಿ ರೊಟ್ಟಿಗೆ ತುಪ್ಪ ಸುರಿದು ಅವನನ್ನು ಕೆಡಿಸಿದ್ದಾರೆ. ಇಲ್ಲಿ ಬಂದು ತಾಯಿಯ ಅಡಿಗೆಗೆ ಹೆಸರಿಡುತ್ತಾನೆ, ಜೋಹರಾಬಿ ನನ್ನ ಮೇಲೆ ಹರಿಹಾಯುತ್ತಾಳೆ.

ನಿನ್ನ
ಜೈನು


ಬಸವನ ಬಾಗೇವಾಡಿ
೪ ನವೆಂಬರ್ ೨೦೨೪

ಜೈನು,

ಹದಿನೈದು ದಿನವಾಯಿತು. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಜಹೀರನ ಮಣ್ಣಿಗೆ ಬಂದಾಗ ನಿನ್ನ ತಮ್ಮಂದಿರು ನನ್ನನ್ನು ಓಣಿಯ ಬಾಯಲ್ಲೇ ತಡೆದರು. ತಡೆದದ್ದು ಸರಿ. ನಾನು ಅವರ ಜಾಗದಲ್ಲಿದ್ದರೆ ಹೊಡೆಯುತ್ತಿದ್ದೆ.

ಊರಲ್ಲಿ ತಲೆಗೊಂದು ಮಾತು ಹುಟ್ಟಿದೆ. ನಿನಗೆ ನನ್ನ ಬಾಯಿಂದಲೇ ಗೊತ್ತಾಗಲಿ. ಆ ಶನಿವಾರ ಪೈಪಿನ ಕೆಲಸ ಮುಗಿಯಲಿಲ್ಲವೆಂದು ಅವನು ಹೊಲದ ಮನೆಯಲ್ಲೇ ಉಳಿದ. ಬೆಳಗ್ಗೆ ಬೆಳಕು ಹರಿಯುವ ಹೊತ್ತಿಗೆ ಗೋವಿನಜೋಳದಲ್ಲಿ ಹಂದಿ ಹೊಕ್ಕ ಸದ್ದಾಯಿತು. ಒಂದು ಗುಂಡು ಹಾರಿಸಿ ಬೆದರಿಸೋಣವೆಂದು ರೈಫಲ್ ತೆಗೆದುಕೊಂಡು ಹೊರಟೆ. "ಕಾಕಾ, ನಾನೂ ಬರ್ತೇನಿ ತಡೀರಿ" ಎಂದು ಹಿಂದೆಯೇ ಬಂದ. ಬದುವಿನ ಮೇಲೆ ನಿಂತು ಗುಂಡು ತುಂಬಿದೆ. ಅವನು ನನ್ನ ಎಡಕ್ಕೆ ಐದಾರು ಹೆಜ್ಜೆ ಮುಂದಿದ್ದ. ಗುಂಡು ಹಾರಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ನಮ್ಮ ಹುಡುಗ ಹೋಗಿಬಿಟ್ಟ.

ನಮ್ಮ ಹುಡುಗ ಎಂದು ಬರೆದೆ. ಆ ಮಾತು ಬರೆಯುವ ಹಕ್ಕು ನನಗಿಲ್ಲ ಎನಿಸಿದರೆ ಅದನ್ನು ಗೀಚಿ ಹಾಕು. ಆದರೆ ಅವನಿಗೆ ಸೈಕಲ್ ಕಲಿಸಿದವನು ನಾನು, ಸಾಲೋಟಗಿಯ ಶಾಲೆಯಲ್ಲಿ ನಿನ್ನ ಪಕ್ಕ ಒಂದೇ ಬೆಂಚಿನಲ್ಲಿ ಕುಳಿತವನೂ ನಾನು. ಬೇರೆ ಪದ ನನಗೆ ಸಿಗಲಿಲ್ಲ.

ಜೋಹರಾಬಿ ತಂಗಿಗೆ ಏನು ಹೇಳಲಿ. ಏನೂ ಹೇಳಬೇಡ. ನಾನು ಕೇಳಿದೆನೆಂದೂ ಹೇಳಬೇಡ.

ಸಂಗಣ್ಣ


ಸಿಂದಗಿ
೧೩ ನವೆಂಬರ್ ೨೦೨೪

ಸಂಗಣ್ಣ,

ನಿನ್ನ ಪತ್ರ ಬಂತು. ಅಳುವವರು ಈ ಮನೆಯಲ್ಲಿ ಸಾಕಷ್ಟು ಜನರಿದ್ದಾರೆ, ನಿನ್ನ ಅಳು ಬೇಕಾಗಿಲ್ಲ.

ನೀನು ಬರೆದದ್ದು ಹೀಗೆ: "ಗುಂಡು ತುಂಬಿದೆ. ಗುಂಡು ಹಾರಿತು." ಈ ಎರಡು ಮಾತಿನ ನಡುವೆ ಒಂದು ಮಾತು ಇರಬೇಕು. ರೈಫಲ್ಲು ತಾನಾಗಿ ಹಾರುವುದಿಲ್ಲ. ಜೂನ್ ತಿಂಗಳಲ್ಲಿ ಅದನ್ನು ನೋಡಿದವನು ನಾನು, ಹಲ್ಲು ಉಜ್ಜಿದವನು ನಾನು, ಒಂದೂವರೆ ಕಿಲೋ ಎಂದು ಬರೆದುಕೊಟ್ಟವನೂ ನಾನು. ಇಪ್ಪತ್ನಾಲ್ಕು ದಿನದಿಂದ ನಾನು ಊಟಕ್ಕೆ ಕುಳಿತರೂ, ನಮಾಜಿಗೆ ನಿಂತರೂ ಕಣ್ಣ ಮುಂದೆ ಅದೊಂದೇ ಹಲ್ಲು. ಎಷ್ಟು ಉಜ್ಜಿದೆ, ಎಲ್ಲಿಗೆ ನಿಲ್ಲಿಸಿದೆ ಎಂದು ಲೆಕ್ಕ ಹಾಕಿ ಹಾಕಿ ತಲೆ ಕೆಟ್ಟಿದೆ.

ನಿನ್ನನ್ನು ಒಂದೇ ಮಾತು ಕೇಳುತ್ತೇನೆ. ಬೋಲ್ಟ್ ಹಾಕುವಾಗ ನಿನ್ನ ಬೆರಳು ಎಲ್ಲಿತ್ತು? ಟ್ರಿಗರಿನ ಮೇಲಿತ್ತೋ, ಹೊರಗಿತ್ತೋ? ಬೇರೆ ಏನನ್ನೂ ಬರೆಯಬೇಡ.

ಜೈನುದ್ದೀನ


ಬಸವನ ಬಾಗೇವಾಡಿ
೨೧ ನವೆಂಬರ್ ೨೦೨೪

ಜೈನು,

ಬೆರಳು ಟ್ರಿಗರಿನ ಮೇಲಿತ್ತು.

ಹಂದಿ ಹೊರಬಿದ್ದ ಕೂಡಲೇ ಹಾರಿಸಬೇಕೆಂಬ ಆತುರದಲ್ಲಿ ಬೋಲ್ಟ್ ಹಾಕುವಾಗಲೇ ಬೆರಳು ಒಳಗಿಟ್ಟಿದ್ದೆ. ಬದುವಿನ ಹಸಿ ಮಣ್ಣಿನಲ್ಲಿ ಕಾಲು ಜಾರಿತು, ಬೆರಳು ಒತ್ತಿತು. ಹದಿನೇಳು ವರ್ಷ ಫೌಜಿನಲ್ಲಿದ್ದವನು ಮಾಡಬಾರದ ತಪ್ಪು. ಪೊಲೀಸರಿಗೂ ಇದನ್ನೇ ಹೇಳಿದ್ದೇನೆ, ಕೋರ್ಟಿನಲ್ಲೂ ಇದನ್ನೇ ಹೇಳುತ್ತೇನೆ.

ನಿನ್ನ ಕೆಲಸ ಸರಿಯಾಗಿತ್ತು. ಅದನ್ನು ಇನ್ನೊಮ್ಮೆ ಲೆಕ್ಕ ಹಾಕುತ್ತ ಕೂಡಬೇಡ. ಊಟ ಮಾಡು. ಅಂಗಡಿ ತೆಗೆ.

ಸಂಗಣ್ಣ


ಸಿಂದಗಿ
೨೯ ನವೆಂಬರ್ ೨೦೨೪

ಮಾಜಿ ಹವಾಲ್ದಾರ ಸಂಗಣ್ಣ ಅವರಿಗೆ,

ನಿಮ್ಮ ಉತ್ತರ ತಲುಪಿತು. ಉಪಕಾರವಾಯಿತು.

ಓದಿದ ಮೇಲೆ ನನಗೆ ಏನಾಯಿತೆಂದು ಹೇಳಿಬಿಡುತ್ತೇನೆ, ನಾಚಿಕೆ ಎಂಬುದೇನೂ ಈಗ ಉಳಿದಿಲ್ಲ. ಎದೆಯ ಮೇಲಿನ ಕಲ್ಲು ಇಳಿಯಿತು. ಮಗ ಸತ್ತು ತಿಂಗಳು ದಾಟಿತ್ತು, ಆವತ್ತು ನಾನು ಹೊಟ್ಟೆ ತುಂಬ ಉಂಡೆ. ಜೋಹರಾಬಿಯನ್ನು ಕರೆದು, "ನನ್ನ ಕೆಲಸದಾಗ ತಪ್ಪಿಲ್ಲ, ಅವನ ಬೆರಳು ಒಳಗಿತ್ತಂತ" ಎಂದೆ.  ಆ ದಿನದಿಂದ ಪ್ರತಿ ಬೆಳಗ್ಗೆ ಅಂಗಳಕ್ಕೆ ನೀರು ಹಾಕುವಾಗ ನಿಮ್ಮ ಹೆಸರು ಹಿಡಿದು ಶಾಪ ಹಾಕುತ್ತಾಳೆ. ನಾನು ಕೇಳಿಸಿಕೊಳ್ಳುತ್ತೇನೆ. ತಡೆಯುವುದಿಲ್ಲ.

ಬೆರಳು ಹೊರಗಿಡಬೇಕು, ನಳಿಗೆ ನೆಲಕ್ಕಿರಬೇಕು ಎಂದು ಜಹೀರನಿಗೆ ಹತ್ತು ವರ್ಷದವನಿದ್ದಾಗಲೇ ಕಲಿಸಿದ್ದೆ. ದೇಶ ಕಾದ ನಿಮಗೆ ಕಲಿಸಬೇಕೆಂದು ತೋಚಲಿಲ್ಲ. ಅದೊಂದು ನನ್ನ ತಪ್ಪು.

ಇನ್ನು ಮುಂದೆ ಪತ್ರ ಬರೆಯಬೇಡಿ. ಬರೆದರೆ ಒಡೆಯದೆ ಹಿಂದಕ್ಕೆ ಕಳಿಸುತ್ತೇನೆ.

ಜೈನುದ್ದೀನ, ಬಂದೂಕು ರಿಪೇರಿ


ಬಸವನ ಬಾಗೇವಾಡಿ
೧೧ ಮೇ ೨೦೨೫

ಜೈನುದ್ದೀನ ಅಣ್ಣನವರಿಗೆ ರುಕ್ಮವ್ವನ ನಮಸ್ಕಾರಗಳು.

ನಾನು ನಾಲ್ಕನೇ ಇಯತ್ತೆ ಕಲಿತವಳು, ತಪ್ಪಿದ್ದರೆ ಹೊಂದಿಸಿಕೊಂಡು ಓದಿರಿ. ನಿಮ್ಮ ಗೆಳೆಯರು ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡದ್ದು, ಆರು ತಿಂಗಳ ಶಿಕ್ಷೆಯಾದದ್ದು ನಿಮಗೆ ಗೊತ್ತಿರಬಹುದು. ಒಪ್ಪಿಕೊಳ್ಳಬೇಡಿ, ವಾದ ಮಾಡೋಣ ಎಂದು ವಕೀಲರು ಎಷ್ಟು ಹೇಳಿದರೂ ಕೇಳಲಿಲ್ಲ. "ಬರಕೊಳ್ರಿ ಸಾಹೇಬ್ರ, ನಾನ ಒತ್ತೇನಿ" ಎಂದು ಎದ್ದು ನಿಂತು ಹೇಳಿಬಿಟ್ಟರು.

ನಿಮ್ಮ ದುಃಖದ ಮುಂದೆ ನನ್ನದು ದುಃಖವಲ್ಲ. ಗಂಡ ಜೈಲಿನಿಂದ ಬರುತ್ತಾನೆ, ಜಹೀರ ಬರುವುದಿಲ್ಲ. ಅವನು ಉಂಡ ತಾಟಿನಲ್ಲಿ ನಾನು ಇನ್ನೂ ಯಾರಿಗೂ ನೀಡಿಲ್ಲ.

ಆದರೆ ಒಂದು ಮಾತು ನನಗೆ ತಿಳಿಯುವುದಿಲ್ಲ, ನಿಮ್ಮನ್ನಲ್ಲದೆ ಯಾರನ್ನು ಕೇಳಲಿ. ಅವರ ಆ ಬೆರಳನ್ನು ನೀವು ನೋಡಿದ್ದೀರಿ. ಬೆಳಗಿನ ತಂಪಿನಲ್ಲಿ ಅದು ಕಟ್ಟಿಗೆಯ ಹಾಗೆ ಸೆಟೆದಿರುತ್ತದೆ. ಬಿಸಿಲು ಏರುವವರೆಗೆ ಚಹಾದ ಕಪ್ಪಿನ ಕಿವಿಯೊಳಗೂ ಹೋಗುವುದಿಲ್ಲ, ಅಂಗಿಯ ಗುಂಡಿ ನಾನೇ ಹಾಕಬೇಕು. ಓಡಿ ಬಂದವರು, ಆ ಗಡಿಬಿಡಿಯಲ್ಲಿ, ಆ ಬೆರಳನ್ನು ಅಷ್ಟು ಸಣ್ಣ ಕಿಂಡಿಯೊಳಗೆ ಹೇಗೆ ಇಟ್ಟರು? ಕೇಳಿದರೆ ನನ್ನ ಮೇಲೆ ಸಿಟ್ಟಾಗುತ್ತಾರೆ. ನೀವು ಒಮ್ಮೆ ಜೈಲಿಗೆ ಹೋಗಿ ಅವರನ್ನು ನೋಡಿರಿ ಅಣ್ಣಾ. ಇದಕ್ಕಿಂತ ಹೆಚ್ಚು ನನಗೆ ಹೇಳಲು ಬರುವುದಿಲ್ಲ.

ನಿಮ್ಮ ತಂಗಿ
ರುಕ್ಮವ್ವ


ಸಿಂದಗಿ
೯ ಅಕ್ಟೋಬರ್ ೨೦೨೫

ಸಂಗಣ್ಣ,

ನೀನು ಜೈಲಿನಿಂದ ಮನೆಗೆ ಬಂದೆಯೆಂದು ಗೊತ್ತಾಯಿತು. ಬರೆಯಬೇಡ ಎಂದವನೇ ಬರೆಯುತ್ತಿದ್ದೇನೆ.

ಮೇ ತಿಂಗಳಲ್ಲಿ ವೈನಿ ಬರೆದ ಪತ್ರವನ್ನು ನಾನು ಓದಿದೆ. ಓದಿ ಸಿಟ್ಟಾದೆ. ಗಂಡನನ್ನು ಉಳಿಸಿಕೊಳ್ಳಲು ಬೆರಳಿನ ನೆಪ ತೆಗೆದಿದ್ದಾರೆ ಎಂದುಕೊಂಡು ಉತ್ತರ ಬರೆಯಲಿಲ್ಲ. ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ ಎಂದು ನನಗೆ ಆವತ್ತೇ ಗೊತ್ತಿತ್ತೋ ಏನೋ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು ಮುಟ್ಟಿಯೂ ನೋಡಿಕೊಳ್ಳದೆ ಕೈ ಬಿಗಿಹಿಡಿದು ಕುಳಿತೆ.

ದೇವಣಗಾಂವದ ಫಕೀರಸಾಬ ನಿನಗೂ ಗೊತ್ತು. ನಿನ್ನಂಥದ್ದೇ ರೈಫಲ್ಲು ಇದೆ ಅವನ ಹತ್ತಿರ. ಕಳೆದ ವರ್ಷ ನಿನ್ನದು ಹಗುರಾದದ್ದನ್ನು ನೋಡಿ ತನಗೂ ಹಾಗೆಯೇ ಮಾಡಿಕೊಡು ಎಂದಿದ್ದ. ಅದೇ ವಾರ, ಅದೇ ಅರದಿಂದ, ಅಷ್ಟೇ ಉಜ್ಜಿಕೊಟ್ಟಿದ್ದೆ. ನಿನ್ನೆ ಮಧ್ಯಾಹ್ನ ಎಣ್ಣೆ ಹಾಕಿಸಲು ತಂದಿದ್ದ. ಖಾಲಿ ರೈಫಲ್ಲನ್ನು ನನ್ನ ಕೈಗೆ ಕೊಡುವ ಮೊದಲು, ಬಾಗಿಲ ಚಿಲಕ ಜಡಿಯುವಂತೆ ಬೋಲ್ಟನ್ನು ರಪ್ಪನೆ ನೂಕಿ ಮಡಚಿದ. ಒಳಗೆ ಟಕ್ ಎಂದಿತು. ಅವನ ಬಲಗೈ ಬೋಲ್ಟಿನ ಹಿಡಿಯ ಮೇಲಿತ್ತು, ಎಡಗೈ ನಳಿಗೆಯ ಕೆಳಗಿತ್ತು. ಟ್ರಿಗರಿನ ಹತ್ತಿರ ಯಾವ ಕೈಯೂ ಇರಲಿಲ್ಲ.

ನಾನು ಏನಿದು ಎಂದೆ. ಅವನು ನಕ್ಕು, "ಇದು ಆವಾಗಾವಾಗ ಹಿಂಗ ಮಾಡತೈತ್ರಿ ಉಸ್ತಾದ್. ನಾ ಏನ್ ಗುಂಡು ತುಂಬಂಗಿಲ್ಲ, ಸುಮ್ಮ ಹೆದರಸಾಕ ಹಿಡಕೊಂಡು ತಿರಗತೇನಿ" ಎಂದ.

ಅವನಿಂದ ಮತ್ತೆ ಮತ್ತೆ ಹಾಕಿಸಿದೆ. ಹತ್ತಕ್ಕೆ ಎರಡು ಸಲ ಪಿನ್ನು ತಾನಾಗಿ ಬಿತ್ತು. ಆಮೇಲೆ ನಾನು ಹಾಕಿದೆ. ಹತ್ತು, ಇಪ್ಪತ್ತು, ನಲವತ್ತು. ಒಮ್ಮೆಯೂ ಬೀಳಲಿಲ್ಲ. ಆಗ ನನ್ನ ಕೈಯನ್ನು ನಾನು ಮೊದಲ ಸಲ ನೋಡಿದೆ, ಸಂಗಣ್ಣ. ಬೋಲ್ಟು ಕೊನೆ ಮುಟ್ಟುವ ಮೊದಲೇ ಅದು ತಾನಾಗಿ ಮೆಲ್ಲಗಾಗುತ್ತದೆ. ಊರವರ ವಸ್ತು, ಕೂಸಿನ ಹಾಗೆ ಹಿಡಿ ಎಂದು ಅಪ್ಪ ಎಂಟು ವರ್ಷದವನಿದ್ದಾಗ ಬೆರಳ ಗಂಟಿನ ಮೇಲೆ ಹೊಡೆದು ಕಲಿಸಿದ ಕೈ. ಜೋಳ ಹಾಕಿ ತೂಗಿದೆ, ನಲವತ್ತು ಸಲ ಹಾಕಿ ತೆಗೆದೆ, ಎಲ್ಲವನ್ನೂ ಈ ಮೆತ್ತನೆಯ ಕೈಯಿಂದ ಮಾಡಿದೆ. ರೈಫಲ್ ಪರೀಕ್ಷೆ ಮಾಡಿದೆ ಎಂದು ಬರೆದುಕೊಟ್ಟೆ, ಪರೀಕ್ಷೆಯಾದದ್ದು ನನ್ನ ಕೈ. ಹಂದಿ ಹೊಕ್ಕಾಗ ಹೊಲದಲ್ಲಿ ಯಾರು ಕೂಸಿನ ಹಾಗೆ ಬೋಲ್ಟ್ ಹಾಕುತ್ತಾರೆ?

ಫಕೀರಸಾಬನ ರೈಫಲ್ಲಿಗೆ ಹಲ್ಲು ಬದಲಿಸದೆ ಕೊಡುವುದಿಲ್ಲ ಎಂದು ಇಟ್ಟುಕೊಂಡಿದ್ದೇನೆ. ನಾನು ಹಗುರ ಮಾಡಿಕೊಟ್ಟ ಇನ್ನೂ ಮೂರು ಇವೆ, ಅವರಿಗೆಲ್ಲ ಇವತ್ತೇ ಬರೆದು ಹಾಕಿದೆ. ನಿನಗೆ ಕೊನೆಗೆ ಬರೆಯುತ್ತಿದ್ದೇನೆ.

ಬೆರಳು ಎಲ್ಲಿತ್ತು, ಸಂಗಣ್ಣ? ಇನ್ನೊಮ್ಮೆ ಕೇಳುತ್ತೇನೆ. ಈ ಸಲ ನಿಜ ಹೇಳು.

ಜೈನು


ಬಸವನ ಬಾಗೇವಾಡಿ
೧೬ ಅಕ್ಟೋಬರ್ ೨೦೨೫

ಜೈನು,

ನಿನ್ನ ಪತ್ರವನ್ನು ಮೂರು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಇನ್ನೊಂದು ಸುಳ್ಳು ಹೊಂದಿಸಲು ನೋಡಿದೆ. ಆಗಲಿಲ್ಲ, ನೀನು ಎಲ್ಲ ಬಾಗಿಲು ಮುಚ್ಚಿ ಕೇಳಿದ್ದೀಯ.

ಬೆರಳು ಹೊರಗಿತ್ತು. ರುಕ್ಮವ್ವ ಹೇಳಿದ್ದು ಸರಿ, ಆ ಹೊತ್ತಿನಲ್ಲಿ ಅದು ಒಳಗೆ ಹೋಗುವುದೇ ಇಲ್ಲ. ಬೋಲ್ಟನ್ನು ಜೋ‌ರಾಗಿ ಹಾಕಿದೆ, ಹಾಕಿದ ಕೂಡಲೇ ಹಾರಿತು. ಏನಾಯಿತೆಂದು ಜೀಪಿನಲ್ಲಿ ಆಸ್ಪತ್ರೆಗೆ ಹೋಗುವಾಗಲೇ ಅರ್ಥವಾಯಿತು. ಜಹೀರನ ತಲೆ ನನ್ನ ತೊಡೆಯ ಮೇಲಿತ್ತು, ನನಗೆ ನಿನ್ನ ಅಂಗಡಿಯ ಅರ ಕಾಣಿಸುತ್ತಿತ್ತು. ಆ ಹೊತ್ತಿನಲ್ಲಿ ನಾನು ಅವನಿಗಿಂತ ಹೆಚ್ಚು ನಿನಗಾಗಿ ಹೆದರಿದೆ.

ಆವತ್ತು ಸಂಜೆ ಪೊಲೀಸರು ಹೊಲದ ಮನೆಗೆ ಬರುವ ಮೊದಲು ನಿನ್ನ ಜೂನ್ ತಿಂಗಳ ಪತ್ರವನ್ನು ಒಲೆಗೆ ಹಾಕಿದೆ. ಟ್ರಿಗರ್ ಇಷ್ಟು ಹಗುರ ಯಾಕಿದೆ ಎಂದು ಕೇಳಿದರು. ನಾನೇ ಉಜ್ಜಿಕೊಂಡೆ, ಫೌಜಿನಲ್ಲಿ ಕಲಿತಿದ್ದೆ ಎಂದೆ. ಬೆರಳು ಎಲ್ಲಿತ್ತು ಎಂದರು. ಒಳಗಿತ್ತು ಎಂದೆ. ನೀನು ಕೇಳುವ ಮೊದಲೇ ಇಷ್ಟೆಲ್ಲ ಆಗಿತ್ತು. ನಿನ್ನ ಪ್ರಶ್ನೆಗೆ ಹೇಳಿದ್ದು ಆಗಲೇ ಹೇಳಿ ಮುಗಿಸಿದ್ದ ಸುಳ್ಳು.

ನಾನೇನೋ ದೊಡ್ಡ ತ್ಯಾಗ ಮಾಡಿದೆ ಎಂದು ತಿಳಿಯಬೇಡ. ಜೈಲಿಗೆ ನಾನು ಹೋದದ್ದು ನ್ಯಾಯವೇ. ಹಲ್ಲು ಜಾರಿದ್ದು ನಿನ್ನ ಕೆಲಸವಿರಬಹುದು, ನಳಿಗೆ ಅವನ ಕಡೆಗಿದ್ದದ್ದು ನನ್ನ ಕೆಲಸ. ಅದು ನೆಲ ನೋಡುತ್ತಿದ್ದರೆ ಒಂದಿಷ್ಟು ಮಣ್ಣು ಹಾರುತ್ತಿತ್ತು, ಆಮೇಲೆ ನಿನ್ನ ಅಂಗಡಿಯಲ್ಲಿ ನಾವು ಮೂವರೂ ನಕ್ಕು ಚಹಾ ಕುಡಿಯುತ್ತಿದ್ದೆವು. ಆ ಹಗುರ ಟ್ರಿಗರಿಗಾಗಿ ಮೂರು ವರ್ಷ ನಿನ್ನ ಬೆನ್ನು ಹತ್ತಿದವನೂ ನಾನೇ.

ಈಗ ನಿನ್ನ ಕೈ ಮುಗಿದು ಒಂದು ಮಾತು ಕೇಳುತ್ತೇನೆ. ಜೋಹರಾಬಿಗೆ ಇದನ್ನು ಹೇಳಬೇಡ. ಆಕೆಗೆ ಶಾಪ ಹಾಕಲು ಒಬ್ಬ ಬೇಕು. ಆ ಒಬ್ಬ ಬಾಗೇವಾಡಿಯಲ್ಲಿ ಇರಲಿ, ಆಕೆಯ ಪಕ್ಕದ ಕೋಣೆಯಲ್ಲಿ ಬೇಡ. ನನಗೆ ರೂಢಿಯಾಗಿದೆ. ಮಗ ಹೋದ ಮನೆಯಲ್ಲಿ ಗಂಡ ಹೆಂಡತಿಯಾದರೂ ಒಬ್ಬರ ಮುಖ ಒಬ್ಬರು ನೋಡುವಂತಿರಲಿ ಎಂದೇ ನಾನು ಇಷ್ಟು ಮಾಡಿದ್ದು. ಅದನ್ನು ನೀರಿನಲ್ಲಿ ಹೋಮ ಮಾಡಬೇಡ.

ಈ ಪತ್ರವನ್ನೂ ಒಲೆಗೆ ಹಾಕು.

ನಿನ್ನ
ಸಂಗಣ್ಣ


ಸಿಂದಗಿ
೨ ನವೆಂಬರ್ ೨೦೨೫

ಸಂಗಣ್ಣ,

ನಾನು ಹೇಳಿಬಿಟ್ಟೆ.

ನೀನು ಬೇಡ ಎಂದದ್ದು ನೆನಪಿತ್ತು. ಹೇಳದೆ ಇರಲು ಪ್ರಯತ್ನಪಟ್ಟೆ. ಆದರೆ ದಿನಾ ಬೆಳಗ್ಗೆ ಆಕೆ ಅಂಗಳದಲ್ಲಿ ನಿಂತು "ಆ ಸಂಗ್ಯಾನ ಕೈ ಸೇದಿ ಹೋಗ್ಲಿ" ಎನ್ನುತ್ತಿದ್ದಳು, ನಾನು ಒಳಗೆ ಕುಳಿತು ನನ್ನ ಕೈ ನೋಡಿಕೊಳ್ಳುತ್ತಿದ್ದೆ. ಮೊನ್ನೆ ಬುಧವಾರ ಎದ್ದು ಹೋಗಿ ಆಕೆಯ ಕೈಯಿಂದ ಕೊಡ ಇಳಿಸಿ, "ಅವನಿಗಲ್ಲ, ನನಗ ಅನ್ನು" ಎಂದೆ. ಒಳಗೆ ಕೂರಿಸಿ ಫಕೀರಸಾಬನ ರೈಫಲ್ಲು ತಂದು, ಖಾಲಿ ಇದೆಯೆಂದು ತೋರಿಸಿ, ಬೋಲ್ಟನ್ನು ಎಲ್ಲರೂ ಹಾಕುವಂತೆ ಹಾಕಿದೆ. ನಾಲ್ಕನೆಯ ಸಲಕ್ಕೆ ಟಕ್ ಎಂದಿತು. ಆಕೆಗೆ ಬಂದೂಕಿನ ಕೆಲಸ ತಿಳಿಯುವುದಿಲ್ಲ ಎಂದುಕೊಂಡಿದ್ದೆ. ಬಂದೂಕಿನವನ ಸೊಸೆಯಾಗಿ ಬಂದು ಮೂವತ್ತೆರಡು ವರ್ಷವಾಗಿದೆ, ಎಲ್ಲ ತಿಳಿಯುತ್ತದೆ.

"ನಿಮಗ ಗೊತ್ತಾಗಿ ಎಷ್ಟು ದಿನಾತು?" ಎಂದು ಕೇಳಿದಳು.

ಇಪ್ಪತ್ತೊಂದು ದಿನ ಎಂದೆ.

"ಇಪ್ಪತ್ತೊಂದು ದಿನ ನಾ ಅವರಿಗೆ ಬೈಯೂದು ಕೇಳಿಕೋತ ಕುಂತಿದ್ರಿ?"

 ನಿನ್ನ ಪತ್ರಗಳನ್ನು ಕೇಳಿದಳು. ನಾನು ಬರೆದವುಗಳ ನಕಲುಗಳು ಅಂಗಡಿಯ ಪುಸ್ತಕದಲ್ಲಿ ಇರುತ್ತವಲ್ಲ, ಅವನ್ನೂ ಕೇಳಿದಳು. ಎಲ್ಲವನ್ನೂ ಮುಂದೆ ಹರಡಿಕೊಂಡು ಅಕ್ಷರ ಅಕ್ಷರ ಕೂಡಿಸಿ ಮಧ್ಯಾಹ್ನದವರೆಗೆ ಓದಿದಳು. ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಹೊಡೆದರೆ ಹೊಡೆಸಿಕೊಳ್ಳಲು ಮನಸ್ಸು ಗಟ್ಟಿ ಮಾಡಿ ಕುಳಿತಿದ್ದೆ.

ಓದಿ ಮುಗಿಸಿ ಇಷ್ಟೇ ಅಂದಳು: "ಹಲ್ಲು ಉಜ್ಜಿದ್ದು ಕೈ ತಪ್ಪಿ ಆಗಿದ್ದು. ಅದನ್ನ ಅಲ್ಲಾ ಮಾಫ್ ಮಾಡ್ತಾನ, ನಾನೂ ಮಾಡ್ತಿದ್ನಿ. ಆದ್ರ ಇಷ್ಟು ಕಾಗದ ಬರದೀರಿ. ಸಂಗಣ್ಣನ ತೊಡಿ ಮ್ಯಾಲೆ ನನ್ನ ಮಗನ ತಲಿ ಇತ್ತಂತ. ಅಂವ ಏನರೆ ಅಂದ್ನಾ? ನೀರು ಕೇಳಿದ್ನಾ? ನನ್ನ ಕರದ್ನಾ?"

ನನಗೆ ಗೊತ್ತಿಲ್ಲ ಎಂದೆ.

ಆಕೆ ಗುರುವಾರ ಮೊದಲನೆಯ ಬಸ್ಸಿಗೆ ನಿಮ್ಮ ಮನೆಗೆ ಬರುತ್ತಾಳೆ. ನಿನ್ನ ಕಾಲು ಹಿಡಿಯುತ್ತೇನೆ ಎಂದಿದ್ದಾಳೆ, ಹಿಡಿಯಲು ಬಿಡಬೇಡ. ಅಲ್ಲಿಂದ ತವರಿಗೆ ಮುದ್ದೇಬಿಹಾಳಕ್ಕೆ ಹೋಗುತ್ತಾಳಂತೆ. ಎಷ್ಟು ದಿನಕ್ಕೆ ಎಂದು ನಾನು ಕೇಳಲಿಲ್ಲ, ಟ್ರಂಕು ಕಟ್ಟಿದ್ದನ್ನು ನೋಡಿದೆ. ನೀನು ಉಳಿಸಬೇಕೆಂದುಕೊಂಡದ್ದು ಉಳಿಯಲಿಲ್ಲ. ನಿನ್ನ ಸುಳ್ಳಿನಲ್ಲಿ ತಪ್ಪಿರಲಿಲ್ಲ ಸಂಗಣ್ಣ, ಅದು ನನ್ನ ಯೋಗ್ಯತೆಗಿಂತ ದೊಡ್ಡದಿತ್ತು.

ಪ್ರಯಾಣದಲ್ಲಿ ಆಕೆ ಏನೂ ತಿನ್ನುವುದಿಲ್ಲ, ವೈನಿಗೆ ಮೊದಲು ಊಟಕ್ಕೆ ಹಾಕಲು ಹೇಳು. ಆಮೇಲೆ ಆಕೆ ಕೇಳುತ್ತಾಳೆ. ಜೀಪಿನಲ್ಲಿ ಅವನು ಎಷ್ಟು ಹೊತ್ತು ಇದ್ದ, ಕಣ್ಣು ತೆರೆದಿದ್ದನೋ ಇಲ್ಲವೋ, ಏನು ಅಂದ, ಎಲ್ಲ ಹೇಳು. ನೋವಾಗುತ್ತದೆ ಎಂದು ಏನನ್ನೂ ಮುಚ್ಚಿಡಬೇಡ.

ನನಗೆ ಬರೆಯಬೇಡ. ನನ್ನ ಮಗ ನಿನ್ನ ತೊಡೆಯ ಮೇಲೆ ಸತ್ತು ಒಂದು ವರ್ಷವಾಯಿತು. ನಾನು ನಿನ್ನನ್ನು ಎರಡು ಸಲ ಕೇಳಿದೆ, ಎರಡು ಸಲವೂ ಕೇಳಿದ್ದು ಬೆರಳಿನ ಬಗ್ಗೆ.

ಜೈನುದ್ದೀನ